ಅಮೆರಿಕದ ಲ್ಯಾಟಿನೋ ಜನ: ಪದೇ ಪದೇ ಕೇಳುವ ಪ್ರಶ್ನೆಗಳು

ಓದಲು, ಕೆಲಸಕ್ಕೆ ಅಂತ ಅಮೆರಿಕಕ್ಕೆ ಬರುವ ಕನ್ನಡಿಗರಿಗೆ ಮೊದಲ ವಾರದಲ್ಲೇ ಲ್ಯಾಟಿನೋ ಜನ ಕಣ್ಣಿಗೆ ಬೀಳುತ್ತಾರೆ. ಚಾವಣಿ ರಿಪೇರಿಗೆ ಬಂದವರು, ಹೋಟೆಲಿನ ಅಡುಗೆಮನೆಯಲ್ಲಿರುವವರು, ಮಕ್ಕಳ ಶಾಲೆಯ ಟೀಚರ್, ಕ್ಲಿನಿಕ್ಕಿನ ಡಾಕ್ಟರ್, ಪಕ್ಕದ ಮನೆಯವರು. ಆದರೆ ಅವರ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಹೆಚ್ಚಾಗಿ ಟಿವಿ ಸುದ್ದಿಯಿಂದ ಬಂದದ್ದು: ಗಡಿ, ಗೋಡೆ, ಗಡೀಪಾರು. ಊರಿನಿಂದ ಫೋನ್ ಮಾಡುವವರು, ಇಲ್ಲಿಗೆ ಹೊಸದಾಗಿ ಬಂದವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಇವರು ಒಂದೇ ಜನ ಅಲ್ಲ. ಯಾವ ದೇಶದಿಂದ, ಯಾವ ಕಾಲದಲ್ಲಿ, ಯಾವ ಕಾನೂನಿನ ಬಾಗಿಲಿನಿಂದ ಬಂದರು ಎಂಬುದೇ ಒಬ್ಬೊಬ್ಬರ ಬದುಕನ್ನು ಒಂದೊಂದು ದಾರಿಗೆ ತಳ್ಳಿದೆ.

ಲ್ಯಾಟಿನೋ, ಹಿಸ್ಪಾನಿಕ್ ಎರಡೂ ಒಂದೇನಾ?

ಬಹಳ ಜನರ ಮಟ್ಟಿಗೆ ಒಂದೇ. ಸಣ್ಣ ವ್ಯತ್ಯಾಸ ಇದೆ. ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದವರು ಹಿಸ್ಪಾನಿಕ್. ಲ್ಯಾಟಿನ್ ಅಮೆರಿಕದ ಮೂಲದವರು ಲ್ಯಾಟಿನೋ. ಹಾಗಾಗಿ ಪೋರ್ಚುಗೀಸ್ ಮಾತಾಡುವ ಬ್ರೆಜಿಲಿನವರು ಲ್ಯಾಟಿನೋ ಆಗುತ್ತಾರೆ, ಹಿಸ್ಪಾನಿಕ್ ಆಗುವುದಿಲ್ಲ. ಸ್ಪೇನಿನವರದು ಇದರ ಉಲ್ಟಾ.

ಈ ಹೆಸರುಗಳು ಬಲ ಪಡೆದದ್ದು ಅಮೆರಿಕದಲ್ಲಿ. 1970ರ ಜನಗಣತಿಯಲ್ಲಿ ಒಂದು ಪಾಲು ಮನೆಗಳಿಗೆ ಮಾತ್ರ ಈ ಮೂಲದ ಪ್ರಶ್ನೆ ಕೇಳಿದರು. 1980ರಲ್ಲಿ ಎಲ್ಲರಿಗೂ ಕೇಳಿದರು. ಅದಕ್ಕೆ ಮೊದಲು ಟೆಕ್ಸಸ್‌ನ ಮೆಕ್ಸಿಕನ್ನರು, ನ್ಯೂಯಾರ್ಕಿನ ಪೋರ್ಟೊರಿಕನ್ನರು, ಮಯಾಮಿಯ ಕ್ಯೂಬನ್ನರು ತಮ್ಮ ತಮ್ಮ ಊರಲ್ಲಿ ತಮ್ಮ ಪಾಡಿಗೆ ಹೋರಾಡುತ್ತಿದ್ದರು. ಒಂದೇ ಹೆಸರಿನಡಿ ಲೆಕ್ಕಕ್ಕೆ ಸಿಕ್ಕಿದ ಮೇಲೆ ಶಾಲೆ, ಆಸ್ಪತ್ರೆ, ಮತಕ್ಷೇತ್ರ ಅಂತ ಒಟ್ಟಾಗಿ ಕೇಳುವುದು ಸಾಧ್ಯವಾಯಿತು. ಈ ಲಾಭ ಸಣ್ಣದಲ್ಲ. ಆದರೂ ‘ನೀವು ಯಾರು’ ಅಂತ ಕೇಳಿದರೆ ಮೊದಲು ಬರುವ ಉತ್ತರ ‘ನಾನು ಮೆಕ್ಸಿಕನ್’, ‘ನಾನು ಡೊಮಿನಿಕನ್’ ಅಂತಲೇ.

‘ಲ್ಯಾಟಿನೆಕ್ಸ್’ ಅಂತಲೂ ಓದಿದ್ದೇನೆ. ಅದೇನು?

ಗಂಡು ಹೆಣ್ಣು ಎಂಬ ಭೇದ ಇಲ್ಲದಂತೆ ಹೇಳಲು ಹುಟ್ಟಿದ ರೂಪ. ವಿಶ್ವವಿದ್ಯಾಲಯಗಳಲ್ಲಿ, ಕೆಲವು ಸಂಘಟನೆಗಳಲ್ಲಿ ಕೇಳಿಸುತ್ತದೆ. ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆಯಲ್ಲಿ ತಮ್ಮನ್ನು ಹಾಗೆ ಕರೆದುಕೊಳ್ಳುತ್ತೇವೆ ಎಂದ ಲ್ಯಾಟಿನೋ ವಯಸ್ಕರು ನೂರಕ್ಕೆ 4 ಮಾತ್ರ. ಎದುರಿನವರು ತಮಗೆ ಯಾವ ಹೆಸರು ಬಳಸುತ್ತಾರೋ ಅದನ್ನೇ ನೀವೂ ಬಳಸಿ. ಅಷ್ಟು ಸಾಕು.

ಲ್ಯಾಟಿನೋ ಅಂದರೆ ಒಂದು ಜನಾಂಗನಾ? ನೋಡಿದರೆ ಗೊತ್ತಾಗುತ್ತಾ?

ಗೊತ್ತಾಗುವುದಿಲ್ಲ. ಅಮೆರಿಂಡಿಯನ್ (ಅಲ್ಲಿನ ಮೂಲನಿವಾಸಿಗಳ) ಮೂಲ, ಯುರೋಪಿನ ಮೂಲ, ಆಫ್ರಿಕಾದಿಂದ ಗುಲಾಮರಾಗಿ ತಂದವರ ಮೂಲ, ಚೀನಾ, ಜಪಾನ್, ಲೆಬನಾನ್ ಮೂಲ, ಇವೆಲ್ಲದರ ಬೆರಕೆ, ಎಲ್ಲವೂ ಉಂಟು. ಒಂದೇ ಮನೆಯಲ್ಲಿ ಅಣ್ಣ ಬೆಳ್ಳಗೆ, ತಂಗಿ ಕಪ್ಪಗೆ ಇರುವುದು ಅಲ್ಲಿ ತೀರಾ ಮಾಮೂಲು.

ಬೇಸ್‌ಬಾಲ್ ಆಟಗಾರ ರೊಬೆರ್ಟೊ ಕ್ಲೆಮೆಂಟೆಯನ್ನು ತೆಗೆದುಕೊಳ್ಳಿ. ಪೋರ್ಟೊರಿಕೋದ ಕಪ್ಪು ಮೈಬಣ್ಣದವರು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಆಡಿದರು. ಪತ್ರಿಕೆಯವರು ಅವರನ್ನು ‘ಬಾಬ್’ ಅಂತ ಕರೆಯುತ್ತಿದ್ದರು, ಆಟಗಾರರ ಚಿತ್ರದ ಕಾರ್ಡುಗಳಲ್ಲೂ ಹಾಗೇ ಅಚ್ಚಾಗುತ್ತಿತ್ತು. ತನ್ನ ಹೆಸರು ರೊಬೆರ್ಟೊ ಅಂತ ಅವರು ಬಿಡದೆ ಹೇಳುತ್ತಿದ್ದರು. ಕಪ್ಪು ಬಣ್ಣಕ್ಕೆ ಒಂದು ಅವಮಾನ, ಸ್ಪ್ಯಾನಿಷ್ ಬೆರೆತ ಮಾತಿಗೆ ಇನ್ನೊಂದು. 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದ ವಿಮಾನ ಬಿದ್ದು ತೀರಿಕೊಂಡರು.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರ ಇತಿಹಾಸದ ದೊಡ್ಡ ಗ್ರಂಥಾಲಯ ಇದೆ, ಶೋಂಬರ್ಗ್ ಸೆಂಟರ್ ಅಂತ. ಅದಕ್ಕೆ ಮೂಲವಾದ ಪುಸ್ತಕ ಸಂಗ್ರಹ ಆರ್ಟುರೊ ಶೋಂಬರ್ಗ್ ಅವರದು. ಅವರು ಹುಟ್ಟಿದ್ದೂ ಪೋರ್ಟೊರಿಕೋದಲ್ಲೇ.

ಸರ್ಕಾರಕ್ಕೂ ಈ ವಿಷಯದಲ್ಲಿ ಗೊಂದಲವೇ. 1930ರ ಜನಗಣತಿಯಲ್ಲಿ ‘ಮೆಕ್ಸಿಕನ್’ ಅಂತ ಒಂದು ಜನಾಂಗವನ್ನೇ ಮಾಡಿದರು. 1940ರಲ್ಲಿ ತೆಗೆದುಹಾಕಿದರು. ಆಮೇಲೆ ಜನಾಂಗದ ಪ್ರಶ್ನೆ ಬೇರೆ, ಲ್ಯಾಟಿನೋ ಹೌದೋ ಅಲ್ಲವೋ ಎಂಬ ಪ್ರಶ್ನೆ ಬೇರೆ ಆಯಿತು. 2024ರಲ್ಲಿ ಎರಡನ್ನೂ ಒಂದೇ ಪ್ರಶ್ನೆಯಾಗಿ ಕೂಡಿಸಬೇಕೆಂದು ನಿಯಮ ಬದಲಿಸಿದರು.

ಎಷ್ಟು ಜನ ಇದ್ದಾರೆ? ಎಲ್ಲಿ?

2020ರ ಜನಗಣತಿಯ ಪ್ರಕಾರ 6.2 ಕೋಟಿ, ದೇಶದ ಜನರಲ್ಲಿ ನೂರಕ್ಕೆ ಸುಮಾರು 19. ನಮ್ಮ 2011ರ ಜನಗಣತಿಯ ಇಡೀ ಕರ್ನಾಟಕದಷ್ಟು. ಹತ್ತರಲ್ಲಿ ಸುಮಾರು ಆರು ಮಂದಿ ಮೆಕ್ಸಿಕೋ ಮೂಲದವರು. ಕ್ಯಾಲಿಫೋರ್ನಿಯಾ, ಟೆಕ್ಸಸ್‌ಗಳಲ್ಲಿ ಜಾಸ್ತಿ. ಮಯಾಮಿಯಲ್ಲಿ ಕ್ಯೂಬನ್ನರು, ನ್ಯೂಯಾರ್ಕಿನಲ್ಲಿ ಪೋರ್ಟೊರಿಕನ್ನರು ಮತ್ತು ಡೊಮಿನಿಕನ್ನರು, ಲಾಸ್ ಏಂಜಲೀಸ್ ಮತ್ತು ವಾಷಿಂಗ್ಟನ್ ಸುತ್ತಮುತ್ತ ಎಲ್ ಸಾಲ್ವಡಾರ್‌ನವರು.

ಎಲ್ಲರೂ ವಲಸೆ ಬಂದವರೇ ಅಲ್ವಾ?

ಅಲ್ಲ. ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದವರು. ಕೆಲವು ಮನೆತನಗಳಂತೂ ಅಮೆರಿಕ ಎಂಬ ದೇಶ ಹುಟ್ಟುವ ಮೊದಲಿಂದಲೂ ಅಲ್ಲೇ ಇದ್ದವು. ಇಂಗ್ಲಿಷರು ಜೇಮ್ಸ್‌ಟೌನ್ ಕಟ್ಟಿದ್ದು 1607ರಲ್ಲಿ. ಸ್ಪೇನಿನವರು ಫ್ಲಾರಿಡಾದಲ್ಲಿ ಸೇಂಟ್ ಆಗಸ್ಟಿನ್ ಊರು ಕಟ್ಟಿದ್ದು 1565ರಲ್ಲಿ.

1848ರ ಫೆಬ್ರವರಿ 2 ನೆನಪಿಟ್ಟುಕೊಳ್ಳಬೇಕಾದ ದಿನ. ಯುದ್ಧದಲ್ಲಿ ಸೋತ ಮೆಕ್ಸಿಕೋ ಅವತ್ತು ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದಕ್ಕೆ ಸಹಿ ಹಾಕಿತು. ಇವತ್ತಿನ ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ, ಅರಿಜೋನಾ ಮತ್ತು ನ್ಯೂ ಮೆಕ್ಸಿಕೋದ ಬಹುಭಾಗ ಅಮೆರಿಕದ ಪಾಲಾದವು. ಬದಲಿಗೆ ಮೆಕ್ಸಿಕೋಗೆ ಸಿಕ್ಕಿದ್ದು 1.5 ಕೋಟಿ ಡಾಲರ್. ಅಲ್ಲಿದ್ದ ಮೆಕ್ಸಿಕನ್ನರ ಜಮೀನಿಗೆ ರಕ್ಷಣೆ ಕೊಡುತ್ತೇವೆ ಅಂತ ಒಪ್ಪಂದದಲ್ಲಿ ಬರೆದಿತ್ತು. ಆದರೆ ಕೋರ್ಟು, ವಕೀಲರ ಫೀಸು, ಇಂಗ್ಲಿಷಿನಲ್ಲಿ ಕಾಗದಪತ್ರ ಅಂತ ಅಲೆದಾಡಿಸಿ ಬಹಳ ಮಂದಿಯ ಜಮೀನು ಕೈಬಿಟ್ಟು ಹೋಯಿತು. ‘ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು’ ಎಂಬ ಘೋಷಣೆ ಇವತ್ತಿಗೂ ಮೆರವಣಿಗೆಗಳಲ್ಲಿ ಕೇಳುತ್ತದೆ. ಅದು ಇತಿಹಾಸದ ನೇರ ಮಾತು.

ಪೋರ್ಟೊರಿಕೋದವರ ಕಥೆ ಇನ್ನೊಂದು. 1898ರಲ್ಲಿ ಸ್ಪೇನಿನಿಂದ ಆ ದ್ವೀಪ ಅಮೆರಿಕದ ಕೈಗೆ ಬಂತು. 1917ರಿಂದ ಅಲ್ಲಿಯವರು ಅಮೆರಿಕದ ಪ್ರಜೆಗಳು. ವೀಸಾ ಬೇಡ, ಪಾಸ್‌ಪೋರ್ಟ್ ಬೇಡ. ಆದರೆ ದ್ವೀಪದಲ್ಲಿ ಇರುವಷ್ಟು ದಿನ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ವಿಮಾನ ಹತ್ತಿ ನ್ಯೂಯಾರ್ಕಿಗೆ ಬಂದು ನೆಲೆಸಿದರೆ ಹಾಕಬಹುದು!

ಉಳಿದವರು ಯಾಕೆ ಬಂದರು?

ಒಂದೊಂದು ದೇಶದ್ದು ಒಂದೊಂದು ಕಾರಣ. ಬಹಳಷ್ಟು ಕಡೆ ಅಮೆರಿಕದ ಕೈಯೂ ಇದೆ. ಸುದ್ದಿಯಲ್ಲಿ ಬಿಟ್ಟುಹೋಗುವುದು ಇದೇ.

ಮೆಕ್ಸಿಕೋದವರನ್ನು ಕರೆಸಿಕೊಂಡದ್ದೇ ಅಮೆರಿಕ. ಎರಡನೇ ಮಹಾಯುದ್ಧದಲ್ಲಿ ಹೊಲಕ್ಕೆ ಆಳು ಸಾಲದೆ 1942ರಲ್ಲಿ ‘ಬ್ರಸೆರೊ’ ಎಂಬ ಯೋಜನೆ ಶುರುವಾಯಿತು. 1964ರವರೆಗೆ 45 ಲಕ್ಷಕ್ಕೂ ಹೆಚ್ಚು ಗುತ್ತಿಗೆಗಳಾದವು. ಗಡಿಯ ಕೇಂದ್ರಗಳಲ್ಲಿ ಗಂಡಸರನ್ನು ಬಟ್ಟೆ ಬಿಚ್ಚಿಸಿ ಸಾಲಾಗಿ ನಿಲ್ಲಿಸಿ ಡಿಡಿಟಿ ಪುಡಿ ಹೊಡೆಯುತ್ತಿದ್ದರು. ಹೊಲದಲ್ಲಿ ಗಿಡ್ಡ ಹಿಡಿಯ ಗುದ್ದಲಿ. ಲೆಟಿಸ್, ಸಕ್ಕರೆ ಬೀಟ್ ಸಾಲಿನಲ್ಲಿ ದಿನವಿಡೀ ಬಗ್ಗಿಯೇ ಇರಬೇಕು. ಯಾರಾದರೂ ಸೊಂಟ ನೆಟ್ಟಗೆ ಮಾಡಿದರೆ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಆ ಗುದ್ದಲಿಯನ್ನು ನಿಷೇಧಿಸಿದ್ದು 1975ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಬೆನ್ನು ಮುರಿದಿತ್ತು.

ಕ್ಯೂಬಾದವರು 1959ರ ಕ್ರಾಂತಿಯ ನಂತರ ಬಂದರು. 1960ರಿಂದ 62ರ ನಡುವೆ 14,000ಕ್ಕೂ ಹೆಚ್ಚು ಮಕ್ಕಳನ್ನು ಅಪ್ಪ ಅಮ್ಮ ಒಂಟಿಯಾಗಿ ವಿಮಾನ ಹತ್ತಿಸಿ ಕಳಿಸಿದರು. 1980ರಲ್ಲಿ ಮರಿಯೆಲ್ ಬಂದರಿನಿಂದ ದೋಣಿಗಳಲ್ಲಿ ಸುಮಾರು 1,25,000 ಜನ ಬಂದರು. ಕಮ್ಯುನಿಸ್ಟ್ ದೇಶ ಬಿಟ್ಟು ಬಂದವರು ಅಂತ ಅಮೆರಿಕ ಇವರಿಗೆ ಬಾಗಿಲು ತೆರೆದಿಟ್ಟಿತು. 1966ರ ಕಾನೂನು ಗ್ರೀನ್ ಕಾರ್ಡಿನ, ಅಂದರೆ ಖಾಯಂ ವಾಸದ ಪರವಾನಗಿಯ ದಾರಿಯನ್ನೂ ಸುಲಭ ಮಾಡಿತು.

ಈಗ ಎಲ್ ಸಾಲ್ವಡಾರ್, ಗ್ವಾಟೆಮಾಲಾ ನೋಡಿ. ಗ್ವಾಟೆಮಾಲಾದಲ್ಲಿ ಚುನಾಯಿತ ಅಧ್ಯಕ್ಷ ಹಕೊಬೊ ಆರ್ಬೆನ್ಸ್ ಭೂಸುಧಾರಣೆಗೆ ಕೈ ಹಾಕಿದರು. ಬಾಳೆಹಣ್ಣಿನ ಕಂಪನಿ ಯುನೈಟೆಡ್ ಫ್ರೂಟ್‌ನ ಬೀಳು ಜಮೀನೂ ಅದರಲ್ಲಿ ಸೇರಿತ್ತು. 1954ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ನೆರವಿನಿಂದ ಅವರನ್ನು ಇಳಿಸಿದರು. 1960ರಿಂದ 1996ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. ಸುಮಾರು 2 ಲಕ್ಷ ಜನ ಸತ್ತರು ಅಥವಾ ಕಾಣೆಯಾದರು, ಹೆಚ್ಚಿನವರು ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನ. ಎಲ್ ಸಾಲ್ವಡಾರ್‌ನ ಯುದ್ಧದಲ್ಲಿ ಸುಮಾರು 75,000 ಜನ ಸತ್ತರು. ಅಲ್ಲಿಯ ಸರ್ಕಾರಕ್ಕೆ ಹಣ, ಶಸ್ತ್ರ ಕೊಟ್ಟದ್ದು ಅಮೆರಿಕ. ಹಾಗಾಗಿ ಓಡಿ ಬಂದವರನ್ನು ನಿರಾಶ್ರಿತರು ಅಂತ ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. 1980ರ ದಶಕದಲ್ಲಿ ಈ ಎರಡು ದೇಶದವರ ಆಶ್ರಯ ಅರ್ಜಿಗಳಲ್ಲಿ ನೂರಕ್ಕೆ ಮೂರು ಕೂಡ ಪಾಸಾಗುತ್ತಿರಲಿಲ್ಲ. ಕ್ಯೂಬಾದವರಿಗೆ ಸ್ವಾಗತ, ಇವರಿಗೆ ಗಡೀಪಾರು. ಅದೇ ಭಾಷೆ, ಅದೇ ಭಯ. ವ್ಯತ್ಯಾಸ ಇದ್ದದ್ದು ವಾಷಿಂಗ್ಟನ್ನಿನ ರಾಜಕೀಯದಲ್ಲಿ. ಆಗ ಅರಿಜೋನಾದ ಟುಸಾನ್‌ನಲ್ಲಿ ಕೆಲವು ಚರ್ಚುಗಳು ಕಾನೂನನ್ನು ಎದುರು ಹಾಕಿಕೊಂಡು ಇವರಿಗೆ ಜಾಗ ಕೊಟ್ಟವು. ‘ಸ್ಯಾಂಕ್ಚುರಿ’, ಅಂದರೆ ಆಶ್ರಯತಾಣದ ಚಳವಳಿ ಹುಟ್ಟಿದ್ದು ಹಾಗೆ.

ವೆನೆಜುವೆಲಾ ಬಿಟ್ಟವರು 70 ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಬಹುಪಾಲು ಜನ ಅಮೆರಿಕಕ್ಕೆ ಬಂದೇ ಇಲ್ಲ. ಕೊಲಂಬಿಯಾ, ಪೆರು, ಬ್ರೆಜಿಲ್‌ಗಳಲ್ಲಿ ಇದ್ದಾರೆ.

ಕಾನೂನು ಪ್ರಕಾರ ಸಾಲಿನಲ್ಲಿ ನಿಂತು ಬರಬಹುದಲ್ವಾ? ನಾವು ಹಾಗೇ ಬಂದಿಲ್ವಾ?

ನಮ್ಮವರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಹಳ ಜನರಿಗೆ ನಿಲ್ಲಲು ಸಾಲೇ ಇಲ್ಲ. ಎಂಜಿನಿಯರಿಗೆ ಎಚ್-1ಬಿ ಎಂಬ ಕೆಲಸದ ವೀಸಾ ಇದೆ. ಮನೆ ಕಟ್ಟುವ ಗಾರೆಯವರಿಗೆ, ಅಡುಗೆಯವರಿಗೆ, ಮನೆ ಕ್ಲೀನ್ ಮಾಡುವವರಿಗೆ ಖಾಯಂ ವೀಸಾ ಅಂತ ಇರುವುದು ಇಡೀ ಜಗತ್ತಿಗೆ ವರ್ಷಕ್ಕೆ ಹೆಚ್ಚೆಂದರೆ 10,000. ಹೊಲದ ಕೆಲಸಕ್ಕೆ ತಾತ್ಕಾಲಿಕ ವೀಸಾ ಉಂಟು, ಆದರೆ ಸುಗ್ಗಿ ಮುಗಿದ ಮೇಲೆ ವಾಪಸ್ ಹೋಗಬೇಕು.

ಮೊದಲು ಹೀಗಿರಲಿಲ್ಲ. ಅಮೆರಿಕ ಖಂಡದ ದೇಶಗಳಿಂದ ಬರುವವರಿಗೆ 1968ರವರೆಗೆ ಸಂಖ್ಯೆಯ ಮಿತಿಯೇ ಇರಲಿಲ್ಲ. 1965ರ ಕಾನೂನು ನಮ್ಮಂಥ ಏಷ್ಯಾದವರಿಗೆ ಬಾಗಿಲು ತೆರೆಯಿತು. ಕರ್ನಾಟಕದಿಂದ ಡಾಕ್ಟರುಗಳು, ಎಂಜಿನಿಯರುಗಳು ಬರತೊಡಗಿದ್ದು ಅದರ ದೆಸೆಯಿಂದಲೇ. ಅದೇ ಕಾನೂನು ಪಶ್ಚಿಮಾರ್ಧ ಗೋಳಕ್ಕೆ, ಅಂದರೆ ಅಮೆರಿಕ ಖಂಡದ ಉಳಿದ ದೇಶಗಳಿಗೆಲ್ಲ ಸೇರಿ, ವರ್ಷಕ್ಕೆ 1,20,000 ಅಂತ ಮಿತಿ ಹಾಕಿತು. ಬ್ರಸೆರೊ ಯೋಜನೆ ಆಗಷ್ಟೇ ಮುಚ್ಚಿತ್ತು. 1976ರಲ್ಲಿ ಒಂದೊಂದು ದೇಶಕ್ಕೆ 20,000 ಅಂತ ಮಾಡಿದರು. ಹೊಲಗಳಿಗೆ ಆಳು ಬೇಕಿತ್ತು, ಊರಲ್ಲಿ ಕೆಲಸ ಇರಲಿಲ್ಲ, ಜನ ವರ್ಷಾ ವರ್ಷಾ ನಡೆದು ಬಂದ ದಾರಿಯಲ್ಲೇ ಬಂದರು. ನಿನ್ನೆ ಕಾನೂನುಬದ್ಧವಾಗಿದ್ದದ್ದು ಇವತ್ತು ಅಪರಾಧವಾಯಿತು.

ಈಗ ಸಂಬಂಧಿಕರ ಮೂಲಕ ಬರುವ ಸಾಲು ನೋಡೋಣ. ಅಮೆರಿಕದ ಪ್ರಜೆಯೊಬ್ಬರು ಮೆಕ್ಸಿಕೋದಲ್ಲಿರುವ ತಮ್ಮ ಅಣ್ಣನಿಗೋ ಮದುವೆಯಾದ ಮಗಳಿಗೋ ಅರ್ಜಿ ಹಾಕಿದರೆ 20 ವರ್ಷಕ್ಕೂ ಜಾಸ್ತಿ ಕಾಯಬೇಕು. ಕಾರಣ, ಯಾವ ಒಂದು ದೇಶಕ್ಕೂ ನೂರಕ್ಕೆ 7ಕ್ಕಿಂತ ಜಾಸ್ತಿ ಕೊಡಬಾರದು ಎಂಬ ನಿಯಮ. ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಎಂಜಿನಿಯರು ಗ್ರೀನ್ ಕಾರ್ಡಿಗೆ ದಶಕಗಟ್ಟಲೆ ಕಾಯುವುದೂ ಇದೇ ನೂರಕ್ಕೆ 7ರ ನಿಯಮದಿಂದ. ನಾವಿಬ್ಬರೂ ಸಿಕ್ಕಿಹಾಕಿಕೊಂಡಿರುವುದು ಒಂದೇ ಬಾಗಿಲಲ್ಲಿ. ಇದು ಗೊತ್ತಿಲ್ಲದೆ ‘ಅವರು ಸಾಲು ಮುರಿದವರು’ ಅಂತ ಹೇಳುವ ನಮ್ಮವರನ್ನು ಕೇಳಿದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಇನ್ನೊಂದು ಕಗ್ಗಂಟು ಇದೆ. 1996ರ ಕಾನೂನಿನ ಪ್ರಕಾರ ದಾಖಲೆ ಇಲ್ಲದೆ ಒಂದು ವರ್ಷಕ್ಕಿಂತ ಜಾಸ್ತಿ ಇದ್ದು ದೇಶ ಬಿಟ್ಟು ಹೋದರೆ 10 ವರ್ಷ ವಾಪಸ್ ಬರುವಂತಿಲ್ಲ. ಗಡಿ ದಾಟಿ ಬಂದವರು ಅಮೆರಿಕದ ಪ್ರಜೆಯನ್ನೇ ಮದುವೆಯಾಗಿದ್ದರೂ ಸಾಮಾನ್ಯವಾಗಿ ಹೊರಗೆ ಹೋಗಿಯೇ ಗ್ರೀನ್ ಕಾರ್ಡ್ ಪಡೆಯಬೇಕು. ಹೊರಗೆ ಕಾಲಿಟ್ಟ ತಕ್ಷಣ ಹತ್ತು ವರ್ಷದ ತಡೆ. ವಿನಾಯಿತಿ ಕೇಳಬಹುದು, ಸಿಗುತ್ತದೆ ಎಂಬ ಖಾತ್ರಿ ಇಲ್ಲ.

ಕಷ್ಟದ ದಾರಿಯಲ್ಲಿ ನಮ್ಮ ದೇಶದವರೂ ಇದ್ದಾರೆ. ಪನಾಮಾದ ಡಾರಿಯೆನ್ ಕಾಡನ್ನು 2023ರಲ್ಲಿ 5,20,000ಕ್ಕೂ ಹೆಚ್ಚು ಜನ ನಡೆದು ದಾಟಿದರು, ಅವರಲ್ಲಿ ಭಾರತೀಯರೂ ಇದ್ದರು. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು.

‘ಡ್ರೀಮರ್ಸ್’ ಅಂದರೆ ಯಾರು?

ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ಜೊತೆ ಬಂದು, ದಾಖಲೆ ಇಲ್ಲದೆ ಇಲ್ಲೇ ಬೆಳೆದವರು. ಹದಿನಾರು ವರ್ಷಕ್ಕೆ ಡ್ರೈವಿಂಗ್ ಲೈಸೆನ್ಸ್ ಕೇಳಲು ಹೋದಾಗಲೋ ಕಾಲೇಜಿಗೆ ಅರ್ಜಿ ತುಂಬುವಾಗಲೋ ಎಷ್ಟೋ ಮಕ್ಕಳಿಗೆ ತಮ್ಮ ಹತ್ತಿರ ಕಾಗದ ಇಲ್ಲ ಎಂಬುದು ಗೊತ್ತಾಗುತ್ತದೆ. 2012ರ ಜೂನ್‌ನಲ್ಲಿ ಒಬಾಮಾ ಸರ್ಕಾರ ತಂದ ‘ಡಾಕಾ’ (DACA) ವ್ಯವಸ್ಥೆ ಇವರಲ್ಲಿ ಕೆಲವರಿಗೆ ಎರಡೆರಡು ವರ್ಷದ ಕೆಲಸದ ಪರವಾನಗಿ ಕೊಟ್ಟಿತು. ಪೌರತ್ವದ ದಾರಿ ಅದರಲ್ಲಿಲ್ಲ. 2007ರ ಜೂನ್ 15ಕ್ಕೆ ಮೊದಲು ಬಂದಿರಬೇಕು ಎಂಬ ಗಡುವು ಇದೆ. ಅಂದರೆ ಇವತ್ತು ಹೈಸ್ಕೂಲಿನಲ್ಲಿರುವ ಮಕ್ಕಳಿಗೆ ಅದು ಸಿಗುವುದೇ ಇಲ್ಲ.

ಎಚ್-1ಬಿ ತಂದೆ ತಾಯಿಯ ಜೊತೆ ಬಂದ ಭಾರತೀಯ ಮಕ್ಕಳಿಗೆ ಇದರ ಇನ್ನೊಂದು ರೂಪ ಕಾದಿರುತ್ತದೆ. 21 ತುಂಬಿದ ದಿನ ಅಪ್ಪ ಅಮ್ಮನ ವೀಸಾದ ಆಸರೆ ಹೋಗುತ್ತದೆ. ಇವರು ಕಾನೂನುಬದ್ಧವಾಗಿ ಇದ್ದರು ಎಂಬ ಕಾರಣಕ್ಕೇ ಡಾಕಾ ಇವರಿಗೆ ಅನ್ವಯಿಸುವುದಿಲ್ಲ.

ದಾಖಲೆ ಇಲ್ಲದವರು ತೆರಿಗೆ ಕಟ್ಟಲ್ಲ ಅಲ್ವಾ?

ಕಟ್ಟುತ್ತಾರೆ. ಅಂಗಡಿಯಲ್ಲಿ ಮಾರಾಟ ತೆರಿಗೆ, ಬಾಡಿಗೆಯ ಮೂಲಕ ಆಸ್ತಿ ತೆರಿಗೆ, ಸಂಬಳದಲ್ಲಿ ಕಡಿತ, ಎಲ್ಲ ಇದೆ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರಿಗೆ ತೆರಿಗೆ ಕಟ್ಟಲೆಂದೇ ಬೇರೆ ನಂಬರ್ ಕೊಡುತ್ತಾರೆ. ಒಂದು ಅಂದಾಜಿನ ಪ್ರಕಾರ 2022ರಲ್ಲಿ ಇವರು ಕಟ್ಟಿದ್ದು 9,670 ಕೋಟಿ ಡಾಲರ್. ಸಂಬಳದಿಂದ ಪಿಂಚಣಿಗೆ ಹಣ ಹೋಗುತ್ತದೆ, ಪಿಂಚಣಿ ಮಾತ್ರ ಇವರಿಗೆ ಸಿಗುವುದಿಲ್ಲ.

ಊರಿಗೆ ಹಣ ಕಳಿಸುತ್ತಾರೆ ಎಂಬ ದೂರೂ ಕೇಳಿದ್ದೇನೆ. ಹೊರದೇಶದಿಂದ ಬರುವ ಹಣದಲ್ಲಿ ಜಗತ್ತಿಗೇ ಮೊದಲು ಭಾರತ, ಎರಡನೆಯದು ಮೆಕ್ಸಿಕೋ. ನಾವು ಆ ಮಾತು ಆಡಬಾರದು.

ಎಂಥ ಕೆಲಸ ಮಾಡುತ್ತಾರೆ?

ಎಲ್ಲ ಥರದ್ದೂ. ಬ್ರಾಂಕ್ಸ್‌ನಲ್ಲಿ ಪೋರ್ಟೊರಿಕನ್ ತಂದೆ ತಾಯಿಗೆ ಹುಟ್ಟಿದ ಸೋನಿಯಾ ಸೊಟೊಮಯೋರ್ 2009ರಿಂದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ. ಆದರೆ ಹೊಸದಾಗಿ ಬಂದವರಿಗೆ ಸಿಗುವುದು ಮೈ ಮುರಿಯುವ, ಅಪಾಯದ ಕೆಲಸ: ಕಟ್ಟಡ, ಹೊಲ, ಮಾಂಸದ ಕಾರ್ಖಾನೆ.

2024ರ ಮಾರ್ಚ್ 26ರ ನಡುರಾತ್ರಿ ಬಾಲ್ಟಿಮೋರ್‌ನಲ್ಲಿ ಸರಕು ಹಡಗೊಂದು ಡಿಕ್ಕಿ ಹೊಡೆದು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಕುಸಿಯಿತು. ಆ ಹೊತ್ತಿನಲ್ಲಿ ಸೇತುವೆಯ ಮೇಲೆ ರಸ್ತೆಗುಂಡಿ ಮುಚ್ಚುವ ಕೆಲಸದವರಿದ್ದರು. ಆರು ಜನ ಸತ್ತರು. ಮೆಕ್ಸಿಕೋ, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್‌ನಿಂದ ಬಂದವರು. ಊರು ಮಲಗಿದ್ದಾಗ ಊರಿನ ರಸ್ತೆ ಸರಿ ಮಾಡುತ್ತಿದ್ದರು. ಹಡಗಿನ 21 ಸಿಬ್ಬಂದಿಯಲ್ಲಿ 20 ಜನ ಭಾರತೀಯರು. ಕರೆಂಟು ಹೋಗಿ ಹಡಗು ಕೈತಪ್ಪಿದ್ದನ್ನು ಹಡಗಿನವರು ಕೂಡಲೇ ತಿಳಿಸಿದ್ದರಿಂದ ಪೊಲೀಸರು ಎರಡೂ ಕಡೆ ವಾಹನ ತಡೆದರು, ಎಷ್ಟೋ ಜೀವ ಉಳಿಯಿತು. ಕೆಲಸದವರಿಗೆ ಸುದ್ದಿ ಮುಟ್ಟಿಸುವಷ್ಟು ಸಮಯ ಇರಲಿಲ್ಲ. ಆಮೇಲೆ ಆ ಸಿಬ್ಬಂದಿ ತಿಂಗಳುಗಟ್ಟಲೆ ಹಡಗಿನಲ್ಲೇ ಇರಬೇಕಾಯಿತು.

ಕೂಲಿಗಾಗಿ ಹೋರಾಟವೂ ನಡೆದಿದೆ. ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ 1965ರ ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ತೋಟದ ಮುಷ್ಕರ ಶುರು ಮಾಡಿದವರು ಲ್ಯಾರಿ ಇಟ್ಲಿಯಾಂಗ್ ನೇತೃತ್ವದ ಫಿಲಿಪಿನೋ ಕೂಲಿಗಳು. ಕೆಲವೇ ದಿನಕ್ಕೆ ಡೊಲೊರೆಸ್ ಹುಯೆರ್ತಾ, ಸೆಸಾರ್ ಚಾವೆಸ್ ಅವರ ಸಂಘದ ಮೆಕ್ಸಿಕನ್ ಕೂಲಿಗಳು ಸೇರಿಕೊಂಡರು. ದೇಶದ ಎಷ್ಟೋ ಮನೆಗಳಲ್ಲಿ ದ್ರಾಕ್ಷಿ ಕೊಳ್ಳುವುದನ್ನು ನಿಲ್ಲಿಸಿದರು. 1970ರಲ್ಲಿ ಮಾಲೀಕರು ಒಪ್ಪಂದಕ್ಕೆ ಬಂದರು.

ಶಾಲೆಯಲ್ಲಿ ಭೇದಭಾವ ಇತ್ತಾ?

ಇತ್ತು. 1940ರ ದಶಕದ ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್ ಊರಿನ ಮಾತು. ಸಿಲ್ವಿಯಾ ಮೆಂಡೆಸ್ ಎಂಬ ಹುಡುಗಿಯ ಅತ್ತೆ ಎರಡೂ ಮನೆಯ ಮಕ್ಕಳನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದರು. ಬೆಳ್ಳಗಿದ್ದ ಅತ್ತೆಯ ಮಕ್ಕಳನ್ನು ಸೇರಿಸಿಕೊಳ್ಳುತ್ತೇವೆ ಅಂತ ಶಾಲೆಯವರು ಅಂದರು. ಸಿಲ್ವಿಯಾ ಮತ್ತು ಅವಳ ತಮ್ಮಂದಿರು ಮೆಕ್ಸಿಕನ್ ಶಾಲೆಗೆ ಹೋಗಲಿ ಅಂದರು. ಅತ್ತೆ ಯಾರನ್ನೂ ಸೇರಿಸದೆ ವಾಪಸ್ ಬಂದರು. ಸಿಲ್ವಿಯಾಳ ಅಪ್ಪ ಇನ್ನೂ ನಾಲ್ವರು ತಂದೆಯರ ಜೊತೆ ಕೋರ್ಟಿಗೆ ಹೋದರು, 1946ರಲ್ಲಿ ಗೆದ್ದರು. 1947ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಗವರ್ನರ್ ಅರ್ಲ್ ವಾರೆನ್ ಶಾಲೆಗಳಲ್ಲಿ ಮಕ್ಕಳನ್ನು ಬೇರ್ಪಡಿಸುವ ರಾಜ್ಯದ ಕಾನೂನಿಗೆ ಕೊನೆ ಹಾಡಿದರು. ಇಡೀ ದೇಶದಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ ತಪ್ಪು ಎಂದ 1954ರ ಸುಪ್ರೀಂ ಕೋರ್ಟ್ ತೀರ್ಪು ಬರೆದವರೂ ಇದೇ ವಾರೆನ್.

ಸ್ಪ್ಯಾನಿಷ್ ಬರದಿದ್ದರೆ ಲ್ಯಾಟಿನೋ ಹೇಗಾಗುತ್ತಾರೆ?

ಆಗುತ್ತಾರೆ. ಪ್ಯೂ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನೂರಕ್ಕೆ 78 ಲ್ಯಾಟಿನೋ ವಯಸ್ಕರು ಇದನ್ನೇ ಹೇಳಿದರು. ಟೆಕ್ಸಸ್‌ನ ಹಾಡುಗಾರ್ತಿ ಸೆಲೆನಾ ಲಕ್ಷಾಂತರ ಜನರ ಪಾಲಿಗೆ ಮನೆಮಗಳಿದ್ದ ಹಾಗೆ. ಅವರು ಇಂಗ್ಲಿಷ್ ಮಾತಾಡಿಕೊಂಡೇ ಬೆಳೆದವರು, ಸ್ಪ್ಯಾನಿಷ್ ಹಾಡುಗಳನ್ನು ಮೊದಲು ಉಚ್ಚಾರಣೆ ಬಾಯಿಪಾಠ ಮಾಡಿ ಹಾಡಿದರು.

ಭಾಷೆ ಯಾಕೆ ಹೋಯಿತು ಎಂಬುದಕ್ಕೆ ಕಾರಣ ಇದೆ. ಟೆಕ್ಸಸ್‌ನ ಶಾಲೆಗಳಲ್ಲಿ 1960ರ ದಶಕದವರೆಗೂ ಸ್ಪ್ಯಾನಿಷ್ ಮಾತಾಡಿದರೆ ಏಟು ಬೀಳುತ್ತಿತ್ತು. ಏಟು ತಿಂದವರು ಮುಂದೆ ತಮ್ಮ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸಲಿಲ್ಲ. ಈಗ ಆ ಮೊಮ್ಮಕ್ಕಳನ್ನೇ ‘ನಿಮಗೆ ಸ್ಪ್ಯಾನಿಷ್ ಬರಲ್ವಾ’ ಅಂತ ಸ್ವಂತ ನೆಂಟರೇ ಹಂಗಿಸುತ್ತಾರೆ. ಮನೆಯಲ್ಲಿ ಕನ್ನಡ ಉಳಿಸಲು ಒದ್ದಾಡುವ ಇಲ್ಲಿನ ಕನ್ನಡಿಗರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೆಲವರಿಗೆ ಸ್ಪ್ಯಾನಿಷ್ ಮೊದಲ ಭಾಷೆಯೇ ಅಲ್ಲ. ಗ್ವಾಟೆಮಾಲಾದಿಂದ ಬಂದ ಮಾಯಾ ಜನರ ಮನೆಮಾತು ಮಾಮ್, ಕಿಚೆ. ಮೆಕ್ಸಿಕೋದ ಓಹಾಕದಿಂದ ಬಂದ ಹೊಲದ ಕೂಲಿಗಳದು ಮಿಶ್ಟೆಕ್, ಸಪೊಟೆಕ್. ಕೋರ್ಟಿನಲ್ಲಿ ಸ್ಪ್ಯಾನಿಷ್ ದುಭಾಷಿ ಕೂರಿಸಿದರೂ ಇವರಲ್ಲಿ ಎಷ್ಟೋ ಜನರಿಗೆ ಅರ್ಥವಾಗುವುದಿಲ್ಲ. ತಲೆ ಆಡಿಸುತ್ತಾರೆ, ಒಪ್ಪಿಕೊಂಡರು ಅಂತ ಬರೆದುಕೊಂಡುಬಿಡುತ್ತಾರೆ.

ಮಕ್ಕಳ ಪಾಡು ಬೇರೆ. ಒಂದು ಕ್ಲಿನಿಕ್ಕಿನಲ್ಲಿ ಒಂಬತ್ತು ಹತ್ತು ವರ್ಷದ ಹುಡುಗಿ ಅಮ್ಮನಿಗೂ ಡಾಕ್ಟರಿಗೂ ನಡುವೆ ನಿಂತು ಮಾತು ದಾಟಿಸುತ್ತಿದ್ದುದನ್ನು ನೋಡಿದ್ದೇನೆ. ಗರ್ಭಕೋಶದ ಗೆಡ್ಡೆಯ ವಿಷಯ. ಹುಡುಗಿಗೆ ಇಂಗ್ಲಿಷಿನ ಆ ಮಾತೂ ಗೊತ್ತಿಲ್ಲ, ಸ್ಪ್ಯಾನಿಷಿನದೂ ಗೊತ್ತಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟು ಏನೋ ಹೇಳಿದಳು, ಅಮ್ಮ ಅಳತೊಡಗಿದರು. ಇಂಥ ಕೆಲಸ ಮಕ್ಕಳ ಮೇಲೆ ಹೊರಿಸಬಾರದು. ದುಭಾಷಿ ಕೇಳುವ ಹಕ್ಕು ರೋಗಿಗೆ ಇದೆ, ಗೊತ್ತಿರುವವರು ಹೇಳಿಕೊಡಬೇಕು.

ಟಾಕೊ, ಬರಿಟೊ ಬಿಟ್ಟರೆ ಊಟ ಏನು?

ದೇಶಕ್ಕೊಂದು ಅಡುಗೆ. ಎಲ್ ಸಾಲ್ವಡಾರ್‌ನವರ ಹೂರಣ ತುಂಬಿದ ರೊಟ್ಟಿ ಪುಪೂಸಾ, ವೆನೆಜುವೆಲಾದವರ ದಪ್ಪ ರೊಟ್ಟಿ ಅರೇಪಾ, ಪೋರ್ಟೊರಿಕೋದವರು ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸುವ ಪಾಸ್ಟೆಲೆಸ್. ಖಾರ ತಿನ್ನುವವರು ಮುಖ್ಯವಾಗಿ ಮೆಕ್ಸಿಕನ್ನರು. ಕ್ಯೂಬಾ, ಪೋರ್ಟೊರಿಕೋ ಊಟದಲ್ಲಿ ಖಾರ ಕಡಿಮೆ.

ಮೆಕ್ಸಿಕೋ ಅಡುಗೆಯ ಬುಡ ಮೆಕ್ಕೆಜೋಳ. ಒಣ ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ ರಾತ್ರಿಯಿಡೀ ನೆನೆಯಲು ಬಿಡುತ್ತಾರೆ. ಬೆಳಿಗ್ಗೆ ಕೈಯಲ್ಲಿ ಉಜ್ಜಿದರೆ ಸಿಪ್ಪೆ ಜಾರಿ ಬರುತ್ತದೆ. ಮೂರು ನಾಲ್ಕು ನೀರಿನಲ್ಲಿ ತೊಳೆದು, ರುಬ್ಬಿದರೆ ಹಿಟ್ಟು. ರುಚಿಗಷ್ಟೇ ಅಲ್ಲ ಈ ಸುಣ್ಣ. ಅದು ಇಲ್ಲದಿದ್ದರೆ ಜೋಳದಲ್ಲಿರುವ ನಯಾಸಿನ್ ಎಂಬ ವಿಟಮಿನ್ ಮೈಗೆ ಹತ್ತುವುದಿಲ್ಲ. ಯುರೋಪಿನವರು ಜೋಳ ಒಯ್ದರು, ಸುಣ್ಣದ ವಿದ್ಯೆ ಬಿಟ್ಟು ಹೋದರು. ಬರೀ ಜೋಳ ತಿಂದ ಇಟಲಿಯ, ಅಮೆರಿಕದ ದಕ್ಷಿಣದ ಬಡವರಿಗೆ ಪೆಲ್ಲಾಗ್ರ ರೋಗ ಬಂತು.

ಕ್ರಿಸ್‌ಮಸ್ ಹತ್ತಿರ ಬಂದರೆ ತಮಾಲೆಸ್ ಮಾಡುವ ಸಂಭ್ರಮ. ಅಜ್ಜಿ, ಸೊಸೆಯಂದಿರು, ಮಕ್ಕಳು ಮೇಜಿನ ಸುತ್ತ ಕೂತು ಜೋಳದ ತೆನೆಯ ಹೊರಸಿಪ್ಪೆಗೆ ಹಿಟ್ಟು ಸವರಿ, ಒಳಗೆ ಪಲ್ಯ ಇಟ್ಟು ಮಡಚುತ್ತಾರೆ. ಹಿಟ್ಟು ಹದಕ್ಕೆ ಬಂತಾ ಅಂತ ಒಂದು ಚಿಟಿಕೆ ತೆಗೆದು ಲೋಟದ ನೀರಿಗೆ ಹಾಕುತ್ತಾರೆ. ತೇಲಿದರೆ ಸರಿ, ಮುಳುಗಿದರೆ ಇನ್ನೂ ನಾದಬೇಕು.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಬೀನ್ಸ್ ಕಾಳಿನ ಪಲ್ಯದಲ್ಲಿ ಮತ್ತು ತಮಾಲೆಸ್ ಹಿಟ್ಟಿನಲ್ಲಿ ಹಂದಿ ಕೊಬ್ಬು ಇರಬಹುದು, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರಬಹುದು. ಕೇಳಿ ತಿನ್ನಿ. ಮೆಣಸಿನಕಾಯಿ ಮತ್ತು ಚೀಸ್ ತುಂಬಿದ ತಮಾಲೆಸ್, ಪಾಪಾಸುಕಳ್ಳಿಯ ಪಲ್ಯ ನಮ್ಮ ಬಾಯಿಗೆ ಚೆನ್ನಾಗಿ ಹಿಡಿಸುತ್ತವೆ. ಹಾಗೆ ನೋಡಿದರೆ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರೂ ಮೆಕ್ಸಿಕೋ ಕಡೆಯವೇ, ಪೋರ್ಚುಗೀಸರ ಹಡಗಿನಲ್ಲಿ ಬಂದವು.

ಸತ್ತವರ ಹಬ್ಬ ನಮ್ಮ ಮಹಾಲಯದ ಎಡೆ ಥರಾನಾ?

ತುಂಬಾ ಹತ್ತಿರ. ನವೆಂಬರ್ 1 ತೀರಿಹೋದ ಮಕ್ಕಳಿಗೆ, 2 ದೊಡ್ಡವರಿಗೆ. ಫೋಟೊ ಇಟ್ಟು, ಮೇಣದ ಬತ್ತಿ ಹಚ್ಚಿ, ಒಂದು ಲೋಟ ನೀರು, ಸ್ವಲ್ಪ ಉಪ್ಪು, ಅವರಿಗೆ ಇಷ್ಟವಾದ ತಿಂಡಿ ಇಡುತ್ತಾರೆ. ದಾರಿ ತೋರಿಸಲು ಚೆಂಡು ಹೂವಿನ ಎಸಳು ಚೆಲ್ಲುತ್ತಾರೆ. ಚೆಂಡು ಹೂವಿನ ತವರೂ ಮೆಕ್ಸಿಕೋ. ಇದು ಮುಖ್ಯವಾಗಿ ಮೆಕ್ಸಿಕೋದ ಆಚರಣೆ. ಕ್ಯೂಬಾದವರ ಮನೆಯಲ್ಲಿ ಹುಡುಕಬೇಡಿ.

ದಾಖಲೆ ಇಲ್ಲದವರಿಗೆ ಈ ಹಬ್ಬದ ಭಾರ ಜಾಸ್ತಿ. ಊರಲ್ಲಿ ಅಮ್ಮ ತೀರಿಕೊಂಡರೆ ಮಣ್ಣಿಗೆ ಹೋಗುವಂತಿಲ್ಲ, ಹೋದರೆ ಮಕ್ಕಳ ಹತ್ತಿರ ವಾಪಸ್ ಬರುವಂತಿಲ್ಲ. ಮೊಬೈಲಿನಲ್ಲಿ ಶವಸಂಸ್ಕಾರ ನೋಡಿ, ನವೆಂಬರ್‌ನಲ್ಲಿ ಫೋಟೊ ಮುಂದೆ ದೀಪ ಹಚ್ಚುತ್ತಾರೆ.

ಭಾರತೀಯರಿಗೂ ಇವರಿಗೂ ಹಳೆಯ ಸಂಬಂಧ ಇದೆಯಾ?

ಇದೆ, ರಕ್ತಸಂಬಂಧವೇ. ನೂರು ವರ್ಷದ ಹಿಂದೆ ಪಂಜಾಬಿನಿಂದ ಕ್ಯಾಲಿಫೋರ್ನಿಯಾದ ಯೂಬಾ ಸಿಟಿ, ಇಂಪೀರಿಯಲ್ ಕಣಿವೆಗೆ ಬಂದ ರೈತರು ಊರಿನಿಂದ ಹೆಂಡತಿಯನ್ನು ಕರೆಸುವಂತಿರಲಿಲ್ಲ. 1917ರ ಕಾನೂನು ಏಷ್ಯಾದವರನ್ನು ತಡೆದಿತ್ತು. ಬಿಳಿಯರನ್ನು ಮದುವೆಯಾಗುವುದಕ್ಕೂ ರಾಜ್ಯದ ಕಾನೂನು ಅಡ್ಡ. ನೂರಾರು ಜನ ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಮಕ್ಕಳ ಹೆಸರು ಸ್ಪ್ಯಾನಿಷ್, ಮನೆತನದ ಹೆಸರು ಸಿಂಗ್. ಅಡುಗೆಮನೆಯಲ್ಲಿ ರೊಟ್ಟಿಯೂ ಉಂಟು, ಟೊರ್ಟಿಯಾನೂ ಉಂಟು. ಅಂತರ್ಜನಾಂಗೀಯ ಮದುವೆ ತಡೆಯುವ ಆ ಕಾನೂನನ್ನು 1948ರಲ್ಲಿ ಬೀಳಿಸಿದ ಮೊಕದ್ದಮೆಯೂ ಒಬ್ಬ ಮೆಕ್ಸಿಕನ್ ಅಮೆರಿಕನ್ ಹೆಂಗಸಿನದು. ಆಂಡ್ರಿಯಾ ಪೆರೆಸ್ ಅಂತ ಅವರ ಹೆಸರು.

ಇವರೆಲ್ಲ ಒಂದೇ ಪಕ್ಷಕ್ಕೆ ವೋಟು ಹಾಕುತ್ತಾರಾ?

ಇಲ್ಲ. ಕ್ಯೂಬನ್ನರು ಬಹುಕಾಲದಿಂದ ರಿಪಬ್ಲಿಕನ್ನರ ಕಡೆ. ಕ್ಯಾಲಿಫೋರ್ನಿಯಾದ ಮೆಕ್ಸಿಕನ್ನರು ಡೆಮಾಕ್ರಟಿಕ್ ಕಡೆ ವಾಲಿದ್ದಕ್ಕೆ ಒಂದು ದೊಡ್ಡ ಕಾರಣ 1994ರ ಮತದಾನ. ದಾಖಲೆ ಇಲ್ಲದವರಿಗೆ ಶಾಲೆ, ಆಸ್ಪತ್ರೆ ಬೇಡ ಎಂಬ ಪ್ರಸ್ತಾಪ ಗೆದ್ದಿತು, ಕೋರ್ಟು ತಡೆಯಿತು. ಆ ಸಿಟ್ಟಿನಿಂದ ಎಷ್ಟೋ ಜನ ಪೌರತ್ವ ಪಡೆದು ಮತ ಹಾಕತೊಡಗಿದರು. 2024ರ ಮತಗಟ್ಟೆ ಸಮೀಕ್ಷೆಯಲ್ಲಿ ಟ್ರಂಪ್‌ಗೆ ನೂರಕ್ಕೆ 46 ಲ್ಯಾಟಿನೋ ಮತ ಬಿತ್ತು. ಬೆಲೆ ಏರಿಕೆ, ಧರ್ಮ, ಗಡಿ, ಒಬ್ಬೊಬ್ಬರಿಗೆ ಒಂದೊಂದು ಮುಖ್ಯ.

ಪಕ್ಕದ ಮನೆಗೆ ಲ್ಯಾಟಿನೋ ಕುಟುಂಬ ಬಂದಿದೆ. ಹೇಗೆ ಮಾತಾಡಿಸಲಿ?

ಯಾವ ದೇಶ ಅಂತ ಊಹಿಸಬೇಡಿ. ಮೆಕ್ಸಿಕನ್ ಅಂದುಕೊಂಡು ಮಾತಾಡಿದರೆ ಕೊಲಂಬಿಯಾದವರಿಗೆ ಬೇಸರವಾಗುತ್ತದೆ. ‘ನಿಮ್ಮ ಮನೆಯವರು ಯಾವ ಕಡೆಯವರು’ ಅಂತ ಕೇಳಿ, ಊರಿನ ಹೆಸರು ಹೇಳಿದರೆ ಊರಿನ ಬಗ್ಗೆ ಕೇಳಿ. ವೀಸಾ, ಕಾಗದಪತ್ರದ ವಿಷಯ ಎತ್ತಲೇಬೇಡಿ, ಅವರಾಗಿ ಹೇಳಿದರೆ ಇನ್ನೊಬ್ಬರಿಗೆ ದಾಟಿಸಬೇಡಿ. ಈಗಿನ ದಿನಗಳಲ್ಲಿ ಅದರಿಂದ ಒಂದು ಮನೆ ಒಡೆಯಬಹುದು.

ಹೆಸರಿನಲ್ಲಿ ಎರಡು ಮನೆತನ ಇರುತ್ತದೆ. ಗಾರ್ಸಿಯಾ ಲೋಪೆಸ್ ಅಂತಿದ್ದರೆ ಮೊದಲನೆಯದು ಸಾಮಾನ್ಯವಾಗಿ ತಂದೆಯ ಕಡೆಯದು, ಎರಡನೆಯದು ತಾಯಿಯ ಕಡೆಯದು. ಅಮೆರಿಕದ ಫಾರಂಗಳಲ್ಲಿ ಒಂದೇ ಹೆಸರಿಗೆ ಜಾಗ, ಹಾಗಾಗಿ ಯಾವುದೋ ಒಂದು ಬಿದ್ದುಹೋಗುತ್ತದೆ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿರುವ ಕನ್ನಡಿಗರಿಗೆ ಈ ತಾಪತ್ರಯ ಚೆನ್ನಾಗಿ ಗೊತ್ತು.

ಮೇ 5ರಂದು ಸ್ವಾತಂತ್ರ್ಯ ದಿನದ ಶುಭಾಶಯ ಹೇಳಬೇಡಿ. ಅದು 1862ರಲ್ಲಿ ಪುಯೆಬ್ಲಾದಲ್ಲಿ ಫ್ರೆಂಚರ ಸೈನ್ಯವನ್ನು ಸೋಲಿಸಿದ ನೆನಪು. ಮೆಕ್ಸಿಕೋದ ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16. ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾದವರದು ಸೆಪ್ಟೆಂಬರ್ 15. ಮಗಳ ಹದಿನೈದನೇ ಹುಟ್ಟುಹಬ್ಬಕ್ಕೆ, ಅಂದರೆ ಕಿನ್ಸೆಅನ್ಯೇರಾಕ್ಕೆ ಕರೆದರೆ ತಪ್ಪಿಸಿಕೊಳ್ಳಬೇಡಿ. ಮದುವೆಯಷ್ಟೇ ಅದ್ದೂರಿ, ಚರ್ಚಿನ ಪೂಜೆ ಆದ ಮೇಲೆ ಅಪ್ಪ ಮಗಳ ನೃತ್ಯ ಇರುತ್ತದೆ. ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ, ಹುಡುಗಿಗೆ ಉಡುಗೊರೆ ಅಥವಾ ಲಕೋಟೆಯಲ್ಲಿ ಹಣ ಕೊಡಬಹುದು. ಊಟ ರಾತ್ರಿ ತಡವಾಗುತ್ತದೆ, ಮಕ್ಕಳಿಗೆ ಮನೆಯಲ್ಲೇ ಸ್ವಲ್ಪ ತಿನ್ನಿಸಿಕೊಂಡು ಹೊರಡಿ.